ಡಯಲ್ ಬಿಡಿ, ಬ್ಯಾಲೆನ್ಸ್ ಚಕ್ರದ ಕೆಳಗೆ ನೋಡಿ

ಭಾನುವಾರದ ಸಂತೆಯಲ್ಲಿ ಹಳೇ ಎಚ್‌ಎಂಟಿ ಪೈಲಟ್ ವಾಚ್ ಕೊಂಡ ಸ್ನೇಹಿತರೊಬ್ಬರು ಅದಕ್ಕೆ ಬಿಡಿಭಾಗ ತರಿಸಿದರು. ಒಂದೂ ಕೂರಲಿಲ್ಲ. ಒಳಗಿದ್ದದ್ದು ಸ್ವಿಸ್ ಮಷಿನ್! ಪೈಲಟ್ ಡಯಲನ್ನು ಅದರ ಮೇಲೆ ಗೋಂದು ಹಾಕಿ ಅಂಟಿಸಿದ್ದರು. ನಾಲ್ಕು ವಾಚಿನ ಸಾಮಾನು ಸೇರಿಸಿ ಒಂದು ಮಾಡಿ ಮಾರುವವರು ಜಾಸ್ತಿ. ಹಾಗಾಗಿ ಮೊದಲು ಮಷಿನ್ ಯಾವುದು ಅಂತ ಗುರುತಿಸಿ, ಆಮೇಲೆ ದುಡ್ಡು ಬಿಚ್ಚಿ.

ಹಿಂದಿನ ಮುಚ್ಚಳ ತೆಗೆಯಿರಿ. ತಿರುಪಿನ ಮುಚ್ಚಳಕ್ಕೆ ಅಂಟಂಟಾದ ರಬ್ಬರ್ ಚೆಂಡು ಒತ್ತಿ ತಿರುಗಿಸಿದರೆ ಸಾಕು. ಅಗ್ಗದ ಓಪನರ್ ಬೇಡ, ಜಾರಿ ಗೀರು ಬೀಳುತ್ತದೆ.

ಮುಚ್ಚಳದ ನಂಬರ್ ಬರೆದಿಟ್ಟುಕೊಳ್ಳಿ, ನಂಬಬೇಡಿ. ಸೀಕೋದಲ್ಲಿ 7009-3040 ಅಂತಿದ್ದರೆ ಮೊದಲ ನಾಲ್ಕು ಅಂಕಿ ಮಷಿನ್ನಿನದು. ಆದರೆ ಮುಚ್ಚಳ ಬೇರೆ ವಾಚಿನದಾಗಿದ್ದರೆ? ಆಟೊಮ್ಯಾಟಿಕ್‌ನ ರೋಟರ್ (ಕೈ ಅಲುಗಿದಾಗ ತಿರುಗಿ ತಾನೇ ಕೀ ಕೊಡುವ ತೂಕ) ಮೇಲಿನ ಬರಹವೂ ಹಾಗೇ. ಒಂದು ಸ್ಕ್ರೂ ಬಿಚ್ಚಿ ಯಾರು ಬೇಕಾದರೂ ಬದಲಿಸಿರಬಹುದು.

ಜನ ಎಡವುವುದು ಮುಂದೆ. ಸ್ವಿಸ್ ಮಷಿನ್ನಿನ ನಿಜವಾದ ಗುರುತು ಹೆಚ್ಚಾಗಿ ಬ್ಯಾಲೆನ್ಸ್ ಚಕ್ರದ, ಅಂದರೆ ಆಚೀಚೆ ಆಡುವ ಚಕ್ರದ ಕೆಳಗೆ, ತಳದ ಪ್ಲೇಟಿನ ಮೇಲೆ ಇರುತ್ತದೆ. ತಯಾರಕರ ಪುಟ್ಟ ಮುದ್ರೆ, ಪಕ್ಕದಲ್ಲಿ ನಂಬರ್. ಚಕ್ರ ಆಡುತ್ತಿದ್ದರೆ ಕಾಣುವುದಿಲ್ಲ. ಕೀ ಪೂರ್ತಿ ಇಳಿದು ತಾನಾಗೇ ನಿಲ್ಲಲಿ. ಟಾರ್ಚನ್ನು ಮೇಲಿಂದಲ್ಲ, ಅಡ್ಡಕ್ಕೆ ಹಿಡಿಯಿರಿ. ಚಕ್ರದ ಕಡ್ಡಿ ಅಕ್ಷರಕ್ಕೆ ಅಡ್ಡ ಬಂದರೆ ವಾಚನ್ನು ಮೆಲ್ಲಗೆ ಅಲುಗಾಡಿಸಿ. ಹಲ್ಲುಕಡ್ಡಿಯಿಂದ ತಳ್ಳಲು ಹೋಗಿ ಚಕ್ರದ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಕೆಡಿಸಿದವರನ್ನು ನೋಡಿದ್ದೇನೆ. ಎಚ್‌ಎಂಟಿಯಾದರೆ 0231ರಂಥ ನಂಬರ್ ಹುಡುಕಿ.

ನಂಬರ್ ಸಿಗಲಿಲ್ಲವಾ? ಬ್ಯಾಲೆನ್ಸ್ ಮೇಲಿನ ಕೆಂಪು ಕಲ್ಲನ್ನು ಹಿಡಿದ, ಪೆಟ್ಟು ತಡೆಯುವ ಸ್ಪ್ರಿಂಗ್ ನೋಡಿ. ಮೂರೆಲೆ ಆಕಾರ ಸೀಕೋದ ಡಯಾಶಾಕ್, ಪುಟ್ಟ ಹಾರ್ಪ್ ಆಕಾರ ಇಂಕಾಬ್ಲಾಕ್, ಅಂದರೆ ಸಾಮಾನ್ಯವಾಗಿ ಸ್ವಿಸ್. ಚಕ್ರಗಳನ್ನು ಮೇಲಿಂದ ಹಿಡಿದ ಲೋಹದ ಪಟ್ಟಿಗಳಲ್ಲಿ (ಬ್ರಿಡ್ಜ್) ಒಂದು ಹಳದಿ, ಪಕ್ಕದ್ದು ಬಿಳಿ ಇದ್ದರೆ ಕಲಬೆರಕೆ ಒಳಗೂ ನಡೆದಿರಬಹುದು. ಆಗ ತಳದ ಪ್ಲೇಟ್ ಹೇಳಿದ್ದೇ ಕೊನೆ ಮಾತು.

ಇಷ್ಟಕ್ಕೂ ಗೊತ್ತಾಗದಿದ್ದರೆ ಡಯಲ್ ಕೆಳಗಿನ ಕೀ ಭಾಗಗಳ ಆಕಾರವನ್ನು ಕ್ಯಾಟಲಾಗ್ ಜೊತೆ ಹೋಲಿಸಬೇಕು. ಅದಕ್ಕೆ ಮೊದಲು ಕೀ, ಅಂದರೆ ಪಕ್ಕದ ಗುಂಡಿಯನ್ನು ಅದರ ಕಡ್ಡಿ ಸಮೇತ ಹೊರಗೆ ತೆಗೆಯಬೇಕು. ಹಳೇ ಮಷಿನ್ನಲ್ಲಿ ಅದನ್ನು ಹಿಡಿದ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಎಳೆದು ನೋಡಿ. ಬರದಿದ್ದರೆ ಇನ್ನರ್ಧ ಸುತ್ತು, ಅಷ್ಟೇ. ಪೂರ್ತಿ ಬಿಚ್ಚಿದರೆ ಡಯಲ್ ಕೆಳಗಿನ ಲಿವರ್ ಕಳಚಿಕೊಳ್ಳುತ್ತದೆ, ಕೀ ಮತ್ತೆ ಕೂರುವುದಿಲ್ಲ. ಕೈ ನಡುಗುವವರು ಈ ಕೆಲಸವನ್ನು ರಿಪೇರಿಯವರಿಗೇ ಬಿಡಿ.