ಓಲ್ಡ್ ಮ್ಯಾನ್ ಆಫ್ ಹಾಯ್: ಇಳಿಯುವ ಹಗ್ಗ ಹತ್ತುವಾಗಲೇ ಕಟ್ಟಿ

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ಕಡಲಂಚಿಗೆ ನಿಂತ ಈ 137 ಮೀಟರ್ ಮರಳುಗಲ್ಲಿನ ಕಂಬವನ್ನು 1966ರಲ್ಲಿ ಟಾಮ್ ಪೇಟಿ, ರಸ್ಟಿ ಬೇಲಿ, ಕ್ರಿಸ್ ಬಾನಿಂಗ್ಟನ್ ಮೊದಲು ಹತ್ತಿದರು. ಹತ್ತುವುದಕ್ಕಿಂತ ಇಳಿಯುವುದೇ ಇಲ್ಲಿ ತಲೆನೋವು. ಎರಡನೇ ಹಂತದ ದಾರಿ ಬಲಕ್ಕೆ ಅಡ್ಡ ಸಾಗಿ, ಮುಂಚಾಚಿದ ಬಿರುಕಿನಲ್ಲಿ ಏರುತ್ತದೆ. ಅಲ್ಲಿಂದ ಸುಮ್ಮನೆ ಜೋತು ಇಳಿದರೆ ಬಂಡೆ ಕೈಗೆಟುಕದೆ ಗಾಳಿಯಲ್ಲಿ ತೂಗಾಡುತ್ತೀರಿ. ಹಾಗಾಗಿ ಹತ್ತುವಾಗಲೇ ಆ ಹಂತದ ಎರಡೂ ತುದಿಗೆ ಹೆಚ್ಚುವರಿ ಹಗ್ಗವೊಂದನ್ನು ಬಿಗಿದು ಬಿಡಿ. ಮರಳುವಾಗ ಅದನ್ನೇ ಹಿಡಿದು ಬಂಡೆಯತ್ತ ಎಳೆದುಕೊಳ್ಳಿ. ಈಗ 60 ಮೀಟರಿನ ಎರಡು ಹಗ್ಗ ಜೋಡಿಸಿ ಆ ಹಂತದ ಮೇಲ್ತುದಿಯಿಂದ ನೇರ ಬುಡಕ್ಕೇ ಇಳಿಯುವವರೂ ಇದ್ದಾರೆ, ಆದರೆ ಕೆಳಗೆ ಉಳಿಯುವ ಹಗ್ಗ ಕಡಿಮೆ: ತುದಿಗಳಿಗೆ ಗಂಟು ಹಾಕಲೇಬೇಕು. ಹಗ್ಗ ಸಿಕ್ಕಿಸಲು ಬಂಡೆಗೆ ಬಿಗಿದು ಬಿಟ್ಟ ಹಳೆಯ ಪಟ್ಟಿಗಳಾದ ಸ್ಲಿಂಗ್‌ಗಳನ್ನು ನಂಬಬೇಡಿ, ಬಿಸಿಲಿಗೆ ಜೀರ್ಣವಾಗಿರುತ್ತವೆ. ಗೂಡುಕಟ್ಟುವ ಕಾಲದಲ್ಲಿ ಫುಲ್ಮರ್ ಹಕ್ಕಿ ಮುಖಕ್ಕೇ ನಾರುವ ಎಣ್ಣೆ ಉಗುಳುತ್ತದೆ. ಕಟ್ಟೆಯಂಚಿಗೆ ಕೈಯಿಡುವ ಮುನ್ನ ಇಣುಕಿ ನೋಡಿ.