ರೌಂಡ್ ಓಡಿಸದೆಯೇ ಕಪ್ ಬಂತು

ಈ ವರ್ಷ ನಮ್ಮ ಹುಡುಗರು ಅಂತರ ಕಾಲೇಜು ಫುಟ್‌ಬಾಲ್ ಗೆದ್ದರು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನು ಅವರನ್ನು ಮೈದಾನ ಸುತ್ತಿಸಲೇ ಇಲ್ಲ. ಗುಡ್ಡ ಹತ್ತಿಸಲಿಲ್ಲ, ಬೀಚಿನ ಮರಳಿನಲ್ಲಿ ಓಡಿಸಲಿಲ್ಲ. "ಎಂತ ಮಾರಾಯ್ರೆ, ಓಡಿಸದೆ ಸ್ಟ್ಯಾಮಿನಾ ಬರ್ತದಾ?" ಅಂತ ಬೇರೆ ಕಾಲೇಜಿನ ಪಿಡಿಗಳು, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಕೇಳುತ್ತಲೇ ಇದ್ದರು. ಅವರಿಗಾಗಿ, ಅದರಲ್ಲೂ ಸಣ್ಣ ಕಾಲೇಜಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರಿನಿಂದ ಗಂಟೆ ದೂರದ ಪದವಿ ಕಾಲೇಜು. ಹುಡುಗರು ಹೆಚ್ಚೆಂದರೆ ಮುನ್ನೂರು. ಮುರಕಲ್ಲಿನ ಗುಡ್ಡ ಸಮ ಮಾಡಿದ ಮೈದಾನ. ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಅಲ್ಲಿ ನೀರು. ಮೊದಲು ಎಲ್ಲರ ಹಾಗೆ ನಾನೂ ಬೆಳಗ್ಗೆ ಆರಕ್ಕೆ ಕರೆಯುತ್ತಿದ್ದೆ, ಐದು ಕಿಲೋಮೀಟರ್ ಓಟ. ಅರ್ಧ ಜನಕ್ಕೆ ಆ ಹೊತ್ತಿಗೆ ಬಸ್ಸೇ ಇಲ್ಲ. ಬಂದವರು ಓಡಿ ಸುಸ್ತಾಗಿ ಮೊದಲ ಪೀರಿಯಡ್‌ನಲ್ಲಿ ನಿದ್ದೆ. ಟೂರ್ನಮೆಂಟಿನಲ್ಲಿ ಮೊದಲ ಮ್ಯಾಚ್ ಗೆಲ್ಲುತ್ತಿದ್ದೆವು, ಎರಡನೆಯದರಲ್ಲಿ ಕಾಲು ಬೀಳುತ್ತಿತ್ತು. ಒಂದು ವರ್ಷ ಕೊನೆಯ ಹದಿನೈದು ನಿಮಿಷದವರೆಗೆ 1-0 ಮುಂದಿದ್ದು 3-1ರಲ್ಲಿ ಸೋತೆವು. ಮನೆಗೆ ಬಂದು ಊಟ ಸೇರಲಿಲ್ಲ.

ಆ ಮ್ಯಾಚಿನ ಫೋನ್ ವಿಡಿಯೊ ಮತ್ತೆ ಮತ್ತೆ ನೋಡಿದೆ. ನಮ್ಮವರು ಕಡಿಮೆ ಓಡಿರಲಿಲ್ಲ, ಎದುರಿನವರಿಗಿಂತ ಜಾಸ್ತಿಯೇ ಓಡಿದ್ದರು. ಬಾಲ್ ಸಿಕ್ಕಿದ ಮೂರನೇ ಪಾಸಿಗೆ ಕಳೆದುಕೊಂಡು, ಅದನ್ನು ಹಿಂದೆ ಪಡೆಯಲು ಓಡುತ್ತಿದ್ದರು. ಇನ್ನೂ ಓಡಿಸಿದರೆ ಈ ರೋಗ ವಾಸಿಯಾಗುವುದಿಲ್ಲ ಅಲ್ವಾ?

ಹಾಗಾಗಿ ಎಲ್ಲವನ್ನೂ ಬಾಸ್ಕೆಟ್‌ಬಾಲ್ ಕೋರ್ಟಿಗೆ ತಂದೆ. 28 ಮೀಟರ್ ಉದ್ದ, 15 ಮೀಟರ್ ಅಗಲ, ಸಿಮೆಂಟ್ ನೆಲ. ನಾಲ್ಕು ಜನ ಈ ಕಡೆ, ನಾಲ್ಕು ಜನ ಆ ಕಡೆ. ಗೋಲಿಗೆ ಎರಡು ಕೋನ್. ನಾಲ್ಕು ನಿಮಿಷ ಆಟ, ಎರಡು ನಿಮಿಷ ನಿಲ್ಲುವುದು, ಹೀಗೆ ಆರು ಸಲ. ಎರಡೇ ಟಚ್, ಅಂದರೆ ಒಬ್ಬ ಎರಡು ಸಲ ಮುಟ್ಟುವುದರೊಳಗೆ ಬಾಲ್ ಬಿಡಬೇಕು. ಗೋಲ್ ಹೊಡೆಯುವಾಗ ತಂಡದ ನಾಲ್ಕೂ ಜನ ಅರ್ಧ ಗೆರೆ ದಾಟಿರಬೇಕು, ಇಲ್ಲದಿದ್ದರೆ ಗೋಲಿಲ್ಲ. ಈ ಒಂದು ನಿಯಮ ಸಾಕು, ಹುಡುಗರ ಎದೆ ಹಾರಿ ಹೋಗುತ್ತದೆ. ಐವತ್ತು ನಿಮಿಷಕ್ಕೆ ಮುಗಿಸಿ ಸಂಜೆ ಐದರ ಬಸ್ಸಿಗೆ ಬಿಡುತ್ತಿದ್ದೆ. ವಾರಕ್ಕೆ ಮೂರು ದಿನ ಮಾತ್ರ. ಶುಕ್ರವಾರ ಇಲ್ಲ, ಏಕೆಂದರೆ ನಮಾಝಿಗೆ ಹೋಗುವ ಹುಡುಗರೇ ತಂಡದಲ್ಲಿ ಅರ್ಧ. ಅಂಕ ಕೊಡುವುದಕ್ಕೆ ಇನ್ನೊಂದು ಲೆಕ್ಕ ಇಟ್ಟಿದ್ದೆ. ಅದನ್ನು ಸದ್ಯಕ್ಕೆ ನಮ್ಮ ಹುಡುಗರಿಗೇ ಬಿಡುತ್ತೇನೆ.

ಮಳೆಗಾಲದ ಕೋರ್ಟಿನಲ್ಲಿ ಪಾಚಿ ದೊಡ್ಡ ತಲೆನೋವು. ಮೊದಲ ವಾರದಲ್ಲೇ ಮೈದಾನದ ನಡುವೆ ಆಡುವ ಒಳ್ಳೆಯ ಹಾಫ್ ಒಬ್ಬ ಜಾರಿ ಮಣಿಕಟ್ಟು ಮುರಿದುಕೊಂಡ. ಆಮೇಲೆ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೆಯಲ್ಲಿ ಉಜ್ಜಿಸಿದೆ. ಇನ್ನೊಂದು ಖರ್ಚು ಬಾಲು. ಹೊಲಿಗೆಯ ಬಾಲ್ ಸಿಮೆಂಟಿನ ಮೇಲೆ ತಿಂಗಳಲ್ಲಿ ಸಿಪ್ಪೆ ಬಿಡುತ್ತದೆ. ಐನೂರು ಚಿಲ್ಲರೆಯ ರಬ್ಬರ್ ಬಾಲ್ ತನ್ನಿ, ಅದೇ ಬಾಳುತ್ತದೆ. ಕೋರ್ಟಿಗೆ ಸ್ಟಡ್ ಬೇಡ, ಕ್ಯಾನ್ವಾಸ್ ಸಾಕು.

ಬರಿಗಾಲಿನಲ್ಲೂ ಸ್ವಲ್ಪ ದಿನ ಆಡಿಸಿ ನೋಡಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿದ್ದರು. 2-1ರಲ್ಲಿ ಸೋತರೂ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲ್ ಹೊಡೆದಿದ್ದರು. ಆ ಕಥೆ ಹುಡುಗರಿಗೆ ಹೇಳಿ ಶೂ ಬಿಚ್ಚಿಸಿದೆ. ಬಾಲ್ ಮುಟ್ಟುವ ರೀತಿ ನಿಜವಾಗಿಯೂ ಮೃದುವಾಯಿತು. ಆದರೆ ಸಿಮೆಂಟಿಗೆ ಹೆಬ್ಬೆರಳಿನ ಚರ್ಮ ಕಿತ್ತು ಬಂತು. ಈಗ ಹುಲ್ಲಿರುವ ಮೂಲೆಯಲ್ಲಿ ಹತ್ತು ನಿಮಿಷ ಮಾತ್ರ ಮಾಡಿಸುತ್ತೇನೆ.

ಕಬಡ್ಡಿಯ ಒಬ್ಬ ಹುಡುಗನನ್ನು ಸ್ಟಾಪರ್, ಅಂದರೆ ಗೋಲಿನ ಮುಂದೆ ತಡೆಯುವವ, ಮಾಡಲು ನೋಡಿದೆ, ಆಗಲಿಲ್ಲ. ಕೈ ಹಿಡಿಯುವ ಅಭ್ಯಾಸ ಬಿಡಲಿಲ್ಲ, ಮೂರು ಫ್ರೆಂಡ್ಲಿಯಲ್ಲಿ ಎರಡು ಪೆನಾಲ್ಟಿ ಕೊಟ್ಟ. ವಾಲಿಬಾಲ್ ತಂಡದ ಉದ್ದದ ಹುಡುಗನನ್ನು ಕೀಪರ್ ಮಾಡಿದ್ದು ಮಾತ್ರ ಭರ್ಜರಿಯಾಗಿ ಫಲಿಸಿತು. ಮೇಲಿನ ಬಾಲು ಅವನಿಗೆ ಬಿಟ್ಟರೆ ಆಯಿತು.

ಕೋರ್ಟಿನಲ್ಲಿ ಬರದ ವಿದ್ಯೆಯೂ ಉಂಟು. ಆಗಸ್ಟ್ ಕೊನೆಗೆ ಉಳ್ಳಾಲದ ಕಡೆಯ ಹುಡುಗರ ಜೊತೆ ದೊಡ್ಡ ಮೈದಾನದಲ್ಲಿ ಫ್ರೆಂಡ್ಲಿ ಆಡಿದೆವು. 5-1ರಲ್ಲಿ ಸೋತೆವು. ನಮ್ಮವರು ಸಣ್ಣ ಪಾಸಿನಲ್ಲೇ ಗುಂಪಾಗಿ ಸಿಕ್ಕಿಬಿದ್ದರು, ಎದುರಿನವರು ಉದ್ದ ಬಾಲ್ ಹಾಕಿ ದಾಟಿದರು. ನೋಡಲು ಬಂದಿದ್ದ ಒಬ್ಬ ಹಿರಿಯ ಪಿಡಿ, "ಇದು ಫುಟ್‌ಬಾಲ್ ಅಲ್ಲ, ಮಕ್ಕಳಾಟ" ಅಂದರು. ಆದರೆ 80ನೇ ನಿಮಿಷದಲ್ಲೂ ನಮ್ಮವರು ಒತ್ತುತ್ತಿದ್ದುದನ್ನು ನಾನು ಕಂಡಿದ್ದೆ. ವಿಧಾನ ಬಿಡಲಿಲ್ಲ. ಕೊನೆಯ ಮೂರು ವಾರ ಮಾತ್ರ ವಾರಕ್ಕೆ ಎರಡು ದಿನ ದೊಡ್ಡ ಮೈದಾನಕ್ಕೆ ಹೋಗಿ, ಬ್ಯಾಕ್‌ಗಳಿಂದ ಎದುರು ಮೂಲೆಗೆ ಮೂವತ್ತು ಮೀಟರಿನ ಬಾಲ್ ಹಾಕಿಸಿದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಕಾಲೇಜಿನಿಂದ ಬಂದದ್ದು ಇಪ್ಪತ್ತೈದು ಸಾವಿರ. ಒಟ್ಟು ಖರ್ಚಾದದ್ದು ಅರವತ್ತರ ಹತ್ತಿರ. ಜರ್ಸಿ ಒಂದಕ್ಕೆ ನಾನೂರರಂತೆ ಏಳೆಂಟು ಸಾವಿರ. ಟೂರ್ನಮೆಂಟಿಗೆ ಟೆಂಪೊ ಟ್ರಾವೆಲರ್ ದಿನಕ್ಕೆ ನಾಲ್ಕೂವರೆ ಸಾವಿರ. ಎಲ್ಲಕ್ಕಿಂತ ಜಾಸ್ತಿ ಹೋದದ್ದು ತಿನ್ನುವುದಕ್ಕೆ. ಪ್ರಾಕ್ಟೀಸ್ ಆದ ಮೇಲೆ ಪ್ರತಿಯೊಬ್ಬನಿಗೂ ಎರಡು ಮೊಟ್ಟೆ, ಎರಡು ಬಾಳೆಹಣ್ಣು. ಅದಕ್ಕೇ ಹದಿನೈದು ಸಾವಿರ ದಾಟಿತು. ಕೊರತೆಯ ದುಡ್ಡನ್ನು ಹಳೆಯ ವಿದ್ಯಾರ್ಥಿಗಳಿಂದ ತಂದೆ. ಕೇಳಲು ಹೋದಾಗ ಒಂದೇ ಮಾತು ಹೇಳುತ್ತಿದ್ದೆ: ನಮ್ಮ ರಾಜ್ಯ 54 ವರ್ಷ ಕಾದು 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಕಪ್ ಸಂತೋಷ್ ಟ್ರೋಫಿ ತಂದಿದೆ, ನಮ್ಮ ಕಾಲೇಜೂ ಕಾಯುತ್ತಾ ಇದೆ. ಗಲ್ಫ್‌ನಲ್ಲಿರುವವರು ಕೇಳಿದ್ದಕ್ಕಿಂತ ಜಾಸ್ತಿ ಕಳಿಸಿದರು.

ಪಿಡಿಗಳಿಗೆಲ್ಲ ಗೊತ್ತಿರುವ ಇನ್ನೊಂದು ಕಾಟ ರಾತ್ರಿಯ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್‌ಬಾಲ್. ಹುಡುಗರಿಗೆ ಫ್ಲಡ್‌ಲೈಟಿನಲ್ಲಿ ಮ್ಯಾಚಿಗೆ ಐನೂರು, ಸಾವಿರ ಸಿಗುತ್ತದೆ. ಬೇಡ ಅನ್ನಲು ನಮಗೆ ಹಕ್ಕಿಲ್ಲ, ಕೆಲವರಿಗೆ ಅದೇ ಫೀಸಿನ ದುಡ್ಡು. ಟೂರ್ನಮೆಂಟಿನ ಹಿಂದಿನ ಎರಡು ವಾರ ಮಾತ್ರ ಬಿಡಬೇಕು ಅಂತ ಮೊದಲೇ ಮಾತು ತೆಗೆದುಕೊಂಡೆ. ಒಬ್ಬ ಮುರಿದ, ಅವನನ್ನು ಆಡಿಸಲಿಲ್ಲ. ನಮ್ಮ ಅತ್ಯುತ್ತಮ ಫಾರ್ವರ್ಡ್ ಅವನೇ. ಉಳಿದ ಹುಡುಗರಿಗೆ ಅದು ನಾಟಿತು.

ಟೂರ್ನಮೆಂಟಿನ ಎರಡನೇ ದಿನ ಎರಡು ಮ್ಯಾಚ್: ಬೆಳಗ್ಗೆ ಕ್ವಾರ್ಟರ್, ಮೂರು ಗಂಟೆಗೆ ಸೆಮಿ. ನಾನು ವರ್ಷವಿಡೀ ತಯಾರು ಮಾಡಿದ್ದು ಆ ಒಂದು ದಿನಕ್ಕೆ. ಕ್ವಾರ್ಟರ್‌ನಲ್ಲಿ ಎರಡು ಗೋಲ್ ಆದ ಕೂಡಲೇ ಸೆಮಿಗೆ ಬೇಕಾದ ಮೂವರನ್ನು ಹೊರಗೆ ಕರೆದೆ. ಮಧ್ಯಾಹ್ನ ಎದುರು ತಂಡ ಹೋಟೆಲಿಗೆ ಹೋಗಿ ಬಿರಿಯಾನಿ ತಿಂದಿತು. ನಾವು ಮನೆಯಿಂದ ಕ್ಯಾನಿನಲ್ಲಿ ತಂದ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪು ಹಾಕಿದ ಪುನರ್ಪುಳಿ ನೀರು ಕುಡಿದೆವು. ಶೂ ಬಿಚ್ಚಿ ಮರದಡಿ ಮಲಗಿಸಿದೆ. ಮೀನಿನ ಥರ್ಮೋಕೋಲ್ ಬಾಕ್ಸಿನಲ್ಲಿ ಐಸ್ ಇತ್ತು, ಬಂದರಿನಿಂದ ನೂರೈವತ್ತು ರೂಪಾಯಿಗೆ ತಂದದ್ದು. ಹಿಮ್ಮಡಿಗೆ, ಮೊಣಕಾಲಿಗೆ ಅದನ್ನೇ ಇಟ್ಟೆವು. ಸೆಮಿಯ ಕೊನೆಯ ಇಪ್ಪತ್ತು ನಿಮಿಷದಲ್ಲಿ ಎದುರಿನವರಿಗೆ ಮೀನಖಂಡ ಹಿಡಿಯಲು ಶುರುವಾಯಿತು, ಒಬ್ಬರ ಹಿಂದೆ ಒಬ್ಬರು ಕೂತರು. ನಮ್ಮವರು ಎರಡು ಗೋಲ್ ಹೊಡೆದರು.

ಫೈನಲ್ 1-0. ಗೋಲ್ ಬಂದದ್ದು ಕಾರ್ನರ್‌ನಿಂದ. ಆ ಕಾರ್ನರ್ ಹೇಗೆ ಹಾಕಿದೆವು ಅಂತ ಆ ದಿನದಿಂದ ಫೋನುಗಳು ಬರುತ್ತಿವೆ. ಮುಂದಿನ ಸೀಸನ್ ಆದ ಮೇಲೆ ಹೇಳುತ್ತೇನೆ, ನಮಗೆ ಇನ್ನೊಂದು ಸಲ ಬೇಕು. ಆ ದಿನ "ಮಕ್ಕಳಾಟ" ಅಂದಿದ್ದ ಹಿರಿಯರೇ ಬಂದು ಕೈಕುಲುಕಿ, ಕೋರ್ಟಿನ ಅಳತೆ ಬರೆದುಕೊಂಡು ಹೋದರು. ನನಗೆ ತುಂಬಾ ಖುಷಿಯಾಯಿತು.

ಇಬ್ಬರು ಹುಡುಗರು ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಿ ದಕ್ಷಿಣದ ಯೂನಿವರ್ಸಿಟಿಗಳ ಸೌತ್ ಝೋನ್ ಟೂರ್ನಮೆಂಟ್ ಆಡಿ ಬಂದರು. "ಕೇರಳದವರ ಎದುರು ಬಾಲ್ ಕಂಟ್ರೋಲಲ್ಲಿ ನಾವೇನೂ ಕಮ್ಮಿ ಇಲ್ಲ ಸರ್, ಹೆಡ್ಡಿಂಗಲ್ಲಿ ಮಾತ್ರ ಸೋತೆವು" ಅಂದರು. ಕೋರ್ಟಿನಲ್ಲಿ ಬೆಳೆದವರಿಗೆ ಅದು ಸಹಜ. ಕೋರ್ಟಿನ ಪಕ್ಕದ ಮಾವಿನ ಕೊಂಬೆಗೆ ಈಗ ಹಗ್ಗದಲ್ಲಿ ಮೂರು ಹಳೆಯ ಬಾಲ್ ನೇತು ಹಾಕಿದ್ದೇನೆ, ಮೂರೂ ಬೇರೆ ಬೇರೆ ಎತ್ತರಕ್ಕೆ. ಖರ್ಚು ಹಗ್ಗಕ್ಕೆ ಇನ್ನೂರು ರೂಪಾಯಿ ಮಾತ್ರ. ಪ್ರಾಕ್ಟೀಸಿನ ಮೊದಲು ಒಬ್ಬೊಬ್ಬನೂ ಇಪ್ಪತ್ತು ಸಲ ಹಾರಿ ಹೊಡೆಯಬೇಕು. ಫಲಿತಾಂಶ ಏನಾಯಿತು ಅಂತ ಅಕ್ಟೋಬರ್ ಆದ ಮೇಲೆ ಬರೆಯುತ್ತೇನೆ.