ಉಳುಮೆ ನಿಂತ ಮಡ್ಡಿ ಹೊಲದಲ್ಲಿ ಗಿಡಗಳ ಸರದಿ

ಇಳಕಲ್ ಹತ್ತಿರದ ನಮ್ಮ ಮಡ್ಡಿ ಹೊಲದಲ್ಲಿ ಉಳುಮೆ ನಿಲ್ಲಿಸಿದ ಮೇಲೆ, ಅಲ್ಲಿ ಏನನ್ನೂ ನೆಡದೆ, ತಾನಾಗಿ ಹುಟ್ಟಿ ಬರುವುದನ್ನು ವರ್ಷವರ್ಷವೂ ಬರೆದಿಡುತ್ತ ಬಂದಿದ್ದೇನೆ. ಒಂದು ನೆಲೆಯ ಜೀವಿಸಮುದಾಯ ಕಾಲಕ್ರಮದಲ್ಲಿ ಬದಲಾಗುವ ಈ ಕ್ರಿಯೆಗೆ ಅನುಕ್ರಮಣ ಎನ್ನುತ್ತಾರೆ. ಬರಿಬಂಡೆಯ ಮೇಲೆ ಮೊದಲಾದರೆ ಅದು ಪ್ರಾಥಮಿಕ. ಮಣ್ಣು ಮತ್ತು ಬೀಜ ಉಳಿದಿರುವ ಕಡೆ ದ್ವಿತೀಯಕ. ನಮ್ಮ ಸೀಮೆಯಲ್ಲಿ ಎರಡೂ ಕಾಣಸಿಗುತ್ತವೆ. ಕೈಬಿಟ್ಟ ಗ್ರಾನೈಟ್ ಕ್ವಾರಿಯ ಕಲ್ಲಿನ ಮೇಲೆ ಕಲ್ಲುಹೂವು ಹರಡಲು ವರ್ಷಗಟ್ಟಲೆ ಬೇಕು, ಹೊಲವಾದರೋ ಒಂದೇ ಮುಂಗಾರಿಗೆ ಹಸಿರಾಗುತ್ತದೆ.

ಕಬ್ಬಿಣದ ಸರಳಿನಿಂದ 1 ಮೀಟರ್ ಚೌಕಟ್ಟು ಮಾಡಿಸಿ, ಅದನ್ನು ಇಡುವ ಜಾಗಗಳಿಗೆ ಗೂಟ ಹೊಡೆದೆ. ಮುಂಗಾರು ಮತ್ತು ಹಿಂಗಾರು ಮುಗಿದಾಗಲೆಲ್ಲ ಅದೇ ಜಾಗಗಳಲ್ಲಿ ಚೌಕಟ್ಟು ಇಟ್ಟು, ಒಳಗಿನ ಗಿಡಗಳ ಹೆಸರು ಮತ್ತು ಪ್ರತಿಯೊಂದೂ ನೆಲದ ಎಷ್ಟು ಪಾಲನ್ನು ಮುಚ್ಚಿದೆ ಎಂಬುದನ್ನು ಬರೆದುಕೊಂಡೆ. ಆಡು, ಕುರಿ ಮೇಯುವುದರಿಂದ ಆಗುವ ವ್ಯತ್ಯಾಸ ತಿಳಿಯಲೆಂದು ಅರ್ಧ ಹೊಲಕ್ಕೆ ಮಾತ್ರ ಮುಳ್ಳುಬೇಲಿ ಹಾಕಿಸಿದೆ.

ಮೊದಲು ಬಂದವು ನೆಗ್ಗಿಲು, ತುಂಬೆ, ಉತ್ತರಾಣಿ, ಕಾಂಗ್ರೆಸ್ ಕಸ. ಕೆದಕಿದ ಮಣ್ಣಿನಲ್ಲಿ ಬೇಗ ಬೆಳೆದು, ಬೇಗ ಬೀಜ ಉದುರಿಸುವ ಗಿಡಗಳಿವು. ಕರಕಿ ಹಬ್ಬಿ ನೆಲ ಮುಚ್ಚಿದಂತೆಲ್ಲ ಅವು ಹಿಂದೆ ಸರಿದವು; ಬೇಲಿಯ ಹೊರಗೆ, ಹುಲ್ಲು ಮೇಯಿಸಿದಲ್ಲಿ, ಕಾಂಗ್ರೆಸ್ ಕಸ ಮಾತ್ರ ಬಿಡದೆ ಉಳಿಯಿತು. ಅನಂತರ ತಂಗಡಿ ಮತ್ತು ಬಾರಿ (ಬೋರೆ, ಎಲಚಿ) ಗಿಡಗಳು ಎದ್ದವು.

ಇಡೀ ಹೊಲದಲ್ಲಿ ನಾನು ಹೆಚ್ಚು ಹೊತ್ತು ಕೂತು ನೋಡಿದ್ದು ಬಾರಿ ಪೊದೆಯ ಬುಡವನ್ನು. ಹಕ್ಕಿಗಳು ಅದರ ಮೇಲೆ ಕೂತು ಹಾಕಿದ ಹಿಕ್ಕೆಯಿಂದ ಬೇವಿನ ಬೀಜ ಬುಡಕ್ಕೆ ಬೀಳುತ್ತದೆ, ಪೊದೆಯ ನೆರಳಿನಲ್ಲಿ ತೇವ ನಾಲ್ಕು ದಿನ ಹೆಚ್ಚು ಉಳಿಯುತ್ತದೆ, ಮುಳ್ಳಿನ ಭಯಕ್ಕೆ ಆಡು ಬಾಯಿ ಹಾಕುವುದಿಲ್ಲ. ಹೀಗಾಗಿ ಬಯಲಿನಲ್ಲಿ ಒಣಗಿ ಹೋಗುತ್ತಿದ್ದ ಬೇವಿನ ಸಸಿ ಅಲ್ಲಿ ಬೇಸಿಗೆ ದಾಟುತ್ತದೆ. ಬಾರಿ ಇಲ್ಲಿ ಬೇವಿಗೆ ತೊಟ್ಟಿಲಾಗಿದೆ.

ಎಲ್ಲ ಗಿಡವೂ ಹೀಗೆ ಮುಂದಿನದಕ್ಕೆ ದಾರಿ ಬಿಡುವುದಿಲ್ಲ. 1916ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಕ್ಲೆಮೆಂಟ್ಸ್ ಅವರು ಸಸ್ಯಸಮುದಾಯವು ಹವಾಮಾನಕ್ಕೆ ತಕ್ಕ ಒಂದು ಕೊನೆಯ ಹಂತದತ್ತ ಸಾಗುತ್ತದೆ ಎಂದರು. 1977ರಲ್ಲಿ ಪರಿಸರ ವಿಜ್ಞಾನಿಗಳಾದ ಕಾನೆಲ್ ಮತ್ತು ಸ್ಲೇಟಿಯರ್ ಅವರು, ಮೊದಲು ಬಂದವು ಮುಂದಿನವಕ್ಕೆ ನೆರವಾಗಬಹುದು, ಸುಮ್ಮನೆ ಸಹಿಸಬಹುದು ಅಥವಾ ತಡೆಯಲೂಬಹುದು ಎಂದು ಮೂರು ಬಗೆಯನ್ನು ತೋರಿಸಿದರು. ನನ್ನ ಹೊಲದ ಮಟ್ಟಿಗೆ ಈ ಇಬ್ಬರ ಮಾತೇ ಹೆಚ್ಚು ಹೊಂದುತ್ತದೆ, ಏಕೆಂದರೆ ತಡೆಯುವ ಗಿಡ ಇಲ್ಲಿ ಕಣ್ಣೆದುರೇ ಇದೆ: ಬಳ್ಳಾರಿ ಜಾಲಿ. ಅದರ ಕಾಯಿ ತಿಂದ ಆಡುಗಳ ಹಿಕ್ಕೆಯಲ್ಲಿ ಬೀಜ ಬಂದು ಬೀಳುತ್ತದೆ. ಒಮ್ಮೆ ದಟ್ಟವಾಗಿ ಬೆಳೆದ ಮೇಲೆ ಅದರಡಿ ಹುಲ್ಲೂ ಕ್ಷೀಣಿಸುತ್ತದೆ. ಬೇಲಿಯೊಳಗಿನ ಒಂದು ಭಾಗದಲ್ಲಿ ಅದರ ಎಳೆಯ ಗಿಡಗಳನ್ನು ಬೇರಿನ ಬುಡ ಸಮೇತ ಅಗೆದು ತೆಗೆಸಿದೆ, ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಅಲ್ಲಿ ಈಗ ಬಾರಿ ಮತ್ತು ಬೇವು ಒಟ್ಟಿಗೆ ಮೇಲೇಳುತ್ತಿವೆ. ತೆಗೆಯದೆ ಬಿಟ್ಟ ಭಾಗದಲ್ಲಿ ಜಾಲಿಯ ಹೊರತು ಹೊಸ ಸಸಿ ಅಪರೂಪ.

ನಿಮ್ಮ ಬೀಳು ಹೊಲದಲ್ಲಿ ಇದನ್ನು ಮಾಡುವುದಾದರೆ, ಉಳುಮೆ ನಿಂತ ಮೊದಲ ಮಳೆಗೆ ಮುಂಚೆಯೇ ಗೂಟ ಹೊಡೆಯಿರಿ, ಸುತ್ತಲಿನ ಒಡ್ಡುಗಳ ಮೇಲೆ ಯಾವ ಮರಗಳಿವೆ ಎಂಬುದನ್ನೂ ಬರೆದಿಡಿ. ಮುಂದೆ ಬರುವ ಬೀಜಗಳಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತವೆ.